ಪ್ಯಾಲಡಿನ್‌ಗೆ ಇನ್ನೊಂದು ಕ್ಲಾಸ್ ಯಾವಾಗ ಸೇರಿಸಬೇಕು: 10ನೇ ಲೆವೆಲ್‌ಗೆ ಮುಗಿಯೋ ಆಟಕ್ಕ ಒಂದು ಲೆಕ್ಕ

ಪ್ರಶ್ನೆ: ಅಣ್ಣಾ ನಮಸ್ಕಾರ್ರಿ. ನಮ್ಮೂರು ಸಿಂಧನೂರು, ಈಗ ಬಳ್ಳಾರ್ಯಾಗ ಇಂಜಿನಿಯರಿಂಗ್ ಓದಾಕತ್ತೀನಿ. ಭಾನುವಾರ ಕೌಲ್ ಬಜಾರ್‌ನ್ಯಾಗ ಗೆಳೆಯನ ರೂಮಿನ್ಯಾಗ ಐದು ಮಂದಿ ಕುಂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡೈಸ್ ಹಾಕ್ಕೋತ, ಪಾತ್ರ ಹಾಕ್ಕೊಂಡು ಕಥಿ ಕಟ್ಟೋ ಆಟ) ಆಡ್ತೀವಿ, 5ನೇ ಎಡಿಷನ್, 2014ರ ರೂಲ್ಸ್. ನಂದು ಹಾಫ್-ಎಲ್ಫ್ ಪ್ಯಾಲಡಿನ್ (ಪ್ರತಿಜ್ಞೆಯಿಂದ ಶಕ್ತಿ ಪಡಿಯೋ ಯೋಧನ ಕ್ಲಾಸ್), 3ನೇ ಲೆವೆಲ್, ಓತ್ ಆಫ್ ವೆಂಜನ್ಸ್ (ಸೇಡಿನ ಪ್ರತಿಜ್ಞೆ). ಸ್ಟ್ರೆಂತ್ 16, ಡೆಕ್ಸ್ 12, ಕಾನ್ (ದೇಹದ ತಾಳಿಕಿ) 14, ಇಂಟೆಲಿಜೆನ್ಸ್ 8, ವಿಸ್ಡಮ್ 10, ಕರಿಸ್ಮಾ 16. ಕತ್ತಿ ಮತ್ತ ಗುರಾಣಿ, ಡ್ಯೂಯೆಲಿಂಗ್ ಸ್ಟೈಲ್. ಉಳಿದ ಮೂವರು ವಿಝರ್ಡ್, ರೋಗ್, ರೇಂಜರ್, ಕ್ಲೆರಿಕ್ (ಹೀಲಿಂಗ್ ಮಾಡೋ ಪೂಜಾರಿ ಕ್ಲಾಸ್) ಯಾರೂ ಇಲ್ಲ. ಡಿಎಂ (ಆಟ ನಡಸಾವ) ಕಥಿ 10ನೇ ಲೆವೆಲ್‌ಗೆ ಮುಗಿಸ್ತೀನಿ ಅಂದಾನ. ನನ್ನ ಪ್ಲ್ಯಾನ್ ಹಿಂಗದ, 4 ಮತ್ತ 5ಕ್ಕ ವಾರ್ಲಾಕ್, 6 ಮತ್ತ 7ಕ್ಕ ಫೈಟರ್, ಉಳಿದ ಮೂರು ಸಾರ್ಸರರ್. ಸ್ಮೈಟ್ (ತಾಗಿದ ಹೊಡತಕ್ಕ ಮಂತ್ರಶಕ್ತಿ ಸೇರಿಸೋದು), ಹೆಕ್ಸ್ (ವಾರ್ಲಾಕ್‌ನ ಶಾಪದ ಸ್ಪೆಲ್), ಆಕ್ಷನ್ ಸರ್ಜ್ (ಫೈಟರ್‌ಗೆ ಸಿಗೋ ಹೆಚ್ಚಿನ ಆಕ್ಷನ್), ಮೆಟಾಮ್ಯಾಜಿಕ್ (ಸಾರ್ಸರರ್ ಸ್ಪೆಲ್ ಹಾಕೋ ರೀತಿ ಬದಲಿಸೋದು) ಎಲ್ಲಾ ಒಂದೇ ಕ್ಯಾರೆಕ್ಟರ್‌ನ್ಯಾಗ ಬರ್ತಾವ. ಈ ಆರ್ಡರ್ ಸರಿ ಅದನಾ?

ಉತ್ತರ: ತಮ್ಮಾ, ಉತ್ತರ ಮೊದಲ ಹೇಳ್ತೀನಿ, ಕಾರಣ ಆಮ್ಯಾಲ. 4ಕ್ಕ ವಾರ್ಲಾಕ್ ತಗೋಬ್ಯಾಡ. ಪ್ಯಾಲಡಿನ್ 6 ತನಕ ಎಲ್ಲೂ ತಿರುಗದ ಸೀದಾ ಹೋಗು, 7ರಿಂದ 10ರ ತನಕ ನಾಲ್ಕೂ ಲೆವೆಲ್ ಸಾರ್ಸರರ್‌ಗೆ ಕೊಡು. ಫೈಟರ್ ಈ ಕ್ಯಾಂಪೇನ್‌ಗೆ ಬ್ಯಾಡ. ವಾರ್ಲಾಕ್ ಬೇಕಂದ್ರ ಅದು ಸಾರ್ಸರರ್ ಜಾಗಕ್ಕ ಬರಬೇಕು, ಅದರ ಜೋಡಿ ಅಲ್ಲ, ಅದೂ ನಿಮ್ಮ ಡಿಎಂ ಶಾರ್ಟ್ ರೆಸ್ಟ್ (ಆಟದಾಗಿನ ಒಂದು ತಾಸಿನ ವಿಶ್ರಾಂತಿ) ಎಷ್ಟು ಕೊಡ್ತಾನ ಅನ್ನೋದರ ಮ್ಯಾಲ ನಿಂತದ.

ಈಗ ನಿನ್ನ ಪ್ಲ್ಯಾನ್‌ನ ಪೇಪರ್ ಮ್ಯಾಲ ಬರಕೊಂಡು ನೋಡು. ಪ್ಯಾಲಡಿನ್ 3, ವಾರ್ಲಾಕ್ 2, ಫೈಟರ್ 2, ಸಾರ್ಸರರ್ 3, ಒಟ್ಟು 10. ಎಕ್ಸ್ಟ್ರಾ ಅಟ್ಯಾಕ್ ಬರೋದು ಪ್ಯಾಲಡಿನ್ 5ಕ್ಕ, ಫೈಟರ್ ಆದ್ರೂ 5ಕ್ಕ, ಮತ್ತ ಎರಡು ಕ್ಲಾಸಿನ ಲೆವೆಲ್ ಕೂಡಿಸಿ 5 ಆತು ಅನ್ನಂಗಿಲ್ಲ, ಒಂದೇ ಕ್ಲಾಸಿನ್ಯಾಗ 5 ಆಗಬೇಕು. ಅಂದ್ರ ನಿನ್ನ ಪ್ಲ್ಯಾನ್‌ನ್ಯಾಗ ಕಥಿ ಮುಗಿಯೋ ತನಕ ನಿಂಗ ಎರಡನೇ ಹೊಡತ ಬರಂಗೇ ಇಲ್ಲ. ಎಬಿಲಿಟಿ ಸ್ಕೋರ್ ಇಂಪ್ರೂವ್‌ಮೆಂಟ್ ಕೂಡ ಹಂಗ, ಅದು ಆಯಾ ಕ್ಲಾಸಿನ 4ನೇ ಲೆವೆಲ್‌ಗೆ ಸಿಗ್ತದ, ಒಟ್ಟು ಲೆವೆಲ್ ನೋಡಿ ಕೊಡಂಗಿಲ್ಲ. ನಿನ್ನ ನಾಲ್ಕು ಕ್ಲಾಸಿನ್ಯಾಗ ಒಂದೂ 4 ಮುಟ್ಟಂಗಿಲ್ಲ, ಹಿಂಗಾಗಿ 10ನೇ ಲೆವೆಲ್‌ನ್ಯಾಗೂ ನಿನ್ನ ಸ್ಟ್ರೆಂತ್ ಇವತ್ತಿನ 16, ಕರಿಸ್ಮಾ ಇವತ್ತಿನ 16. ಆಟ ಶುರು ಮಾಡಿದ ದಿನ ಬರದ ನಂಬರ್ ಹಿಡಕೊಂಡು ಕೊನಿ ವಿಲನ್ ಮುಂದ ನಿಲ್ಲಬೇಕಾಗ್ತದ.

ಇಂಥ ಪ್ಲ್ಯಾನ್ ಹುಟ್ಟೋದು ಯಾಕಂದ್ರ ನೆಟ್‌ನ್ಯಾಗ ಸಿಗೋ ಬಿಲ್ಡ್ ಬಹಳಷ್ಟು 20ನೇ ಲೆವೆಲ್‌ಗೆ ಬರದಿದ್ದಿರ್ತಾವ. 20 ಲೆವೆಲ್ ಇದ್ದಾಗ ಅಲ್ಲಿ ಎರಡು ಇಲ್ಲಿ ಎರಡು ಹಾಕಿದ್ರೂ 12-14 ಉಳಿತಾವ, ಮುಖ್ಯ ಕ್ಲಾಸ್ ಬೆಳಿತದ. ನಿಮ್ಮ ಟೇಬಲ್‌ನ್ಯಾಗ ಇರೋದು 10. ಮತ್ತ ಆ 10ನೂ ಒಂದೇ ದಿನ ಸಿಗಂಗಿಲ್ಲ, 4ನೇ ಲೆವೆಲ್‌ನ್ಯಾಗ ಕೆಲವು ಭಾನುವಾರ, 5ನೇದರಾಗ ಕೆಲವು ಭಾನುವಾರ ಆಡಬೇಕು, ಮ್ಯಾಲ ಹೋದಂಗ ಇನ್ನೂ ನಿಧಾನ. 5ರಿಂದ 6ಕ್ಕ ಹೋಗಾಕ 7,500 ಎಕ್ಸ್‌ಪಿ (ಅನುಭವದ ಪಾಯಿಂಟ್) ಬೇಕು, 9ರಿಂದ 10ಕ್ಕ 16,000, ಆ ಲೆಕ್ಕ ಒಟ್ಟು ಲೆವೆಲ್ ಮ್ಯಾಲ ನಡಿತದ, ಹೊಸ ಕ್ಲಾಸಿನ 1ನೇ ಲೆವೆಲ್ ಅಂತ ಯಾರೂ ಕಮ್ಮಿ ರೇಟಿಗೆ ಕೊಡಂಗಿಲ್ಲ. ಅದಕ್ಕ ನಾನು ಬಿಲ್ಡ್ ನೋಡುವಾಗ ಕೊನಿ ಸಾಲು ನೋಡಂಗಿಲ್ಲ, ಮುಂದಿನ ಲೆವೆಲ್‌ಗೆ ಈ ಕ್ಯಾರೆಕ್ಟರ್ ಟೇಬಲ್‌ಗೆ ಏನು ಕೊಡ್ತದ, ಅದರ ಮುಂದಿನದಕ್ಕ ಏನು ಕೊಡ್ತದ, ಹಂಗ ಒಂದೊಂದ ಲೆವೆಲ್ ಕೇಳ್ಕೋತ ಹೋಗ್ತೀನಿ. ಯಾವ ಲೆವೆಲ್‌ನ್ಯಾಗರ ಉತ್ತರ “ಏನಿಲ್ಲ, ಮುಂದ ಬರ್ತದ” ಅಂತಾದ್ರ ಅಲ್ಲಿ ಪ್ಲ್ಯಾನ್ ತಿದ್ದಬೇಕು.

5ನೇ ಲೆವೆಲ್‌ನ ನಂಬರ್ ಹಾಕಿ ತೋರಸ್ತೀನಿ. ಎದುರಿಗೆ ಎಸಿ (ಹೊಡತ ತಾಗಾಕ ಮುಟ್ಟಬೇಕಾದ ನಂಬರ್) 15 ಇರೋ ವೈರಿ ಅಂತಿಟ್ಕೋ. ನೀನು ಪ್ಯಾಲಡಿನ್ 5 ಆಗಿ 4ನೇ ಲೆವೆಲ್‌ಗೆ ಸ್ಟ್ರೆಂತ್ 18 ಮಾಡ್ಕೊಂಡಿದ್ರ ಅಟ್ಯಾಕ್ +7, ಡಿ20 (20 ಮುಖದ ಡೈಸ್) ಮ್ಯಾಲ 8 ಬಿದ್ರ ಸಾಕು, ಅಂದ್ರ ನೂರಕ್ಕ 65. ಲಾಂಗ್‌ಸೋರ್ಡ್ 1ಡಿ8 (8 ಮುಖದ ಒಂದು ಡೈಸ್), ಅದಕ್ಕ 4, ಡ್ಯೂಯೆಲಿಂಗ್‌ದು 2, ಸರಾಸರಿ 10.5. ಎರಡು ಹೊಡತಕ್ಕ ಒಂದು ಟರ್ನ್‌ಗೆ ಸುಮಾರು 13.6 ಡ್ಯಾಮೇಜ್, ಕ್ರಿಟ್ (ಡ್ಯಾಮೇಜ್ ಡೈಸ್ ಎರಡರಷ್ಟಾಗೋ ಹೊಡತ) ಲೆಕ್ಕ ಬಿಟ್ಟು. ಪ್ಯಾಲಡಿನ್ 3 ವಾರ್ಲಾಕ್ 2 ಆಗಿದ್ರ ಅಟ್ಯಾಕ್ +6, ನೂರಕ್ಕ 60, ಒಂದೇ ಹೊಡತ, ಸರಾಸರಿ 9.5, ಒಟ್ಟು 5.7. ಅರ್ಧಕ್ಕಿಂತ ಕಮ್ಮಿ. ಸ್ಮೈಟ್ ಹಾಕಾಕೂ ಹೊಡತ ತಾಗಬೇಕಲ್ಲ, ಒಂದೇ ಸಲ ಬೀಸಿದ್ರ ಅದು ತಪ್ಪಿ ಹೋಗೋ ಟರ್ನ್ ಭಾಳ ಇರ್ತಾವ.

ಇಲ್ಲಿ ನೀನು ಎಲ್ಡ್ರಿಚ್ ಬ್ಲಾಸ್ಟ್ (ವಾರ್ಲಾಕ್ ದೂರದಿಂದ ಹೊಡಿಯೋ ಸ್ಪೆಲ್) ಅದಲ್ಲಣ್ಣಾ ಅಂತ ಕೇಳಬಹುದು, ಕೇಳಬೇಕಾದ ಪ್ರಶ್ನೆನೇ ಅದು. ಕ್ಯಾಂಟ್ರಿಪ್ (ಇದರಂಗ ಎಷ್ಟು ಸಲ ಬೇಕಾದ್ರೂ ಹಾಕೋ ಸ್ಪೆಲ್) ಬೆಳಿಯೋದು ಒಟ್ಟು ಲೆವೆಲ್ ನೋಡಿ, ಹಿಂಗಾಗಿ 5ನೇ ಲೆವೆಲ್‌ಗೆ ಅದು ಎರಡು ಬೀಮ್ ಆಗ್ತದ, ಅಗೊನೈಸಿಂಗ್ ಬ್ಲಾಸ್ಟ್ (ಬೀಮಿಗೆ ಕರಿಸ್ಮಾ ಸೇರಿಸೋ ವಾರ್ಲಾಕ್ ಶಕ್ತಿ) ಹಾಕ್ಕೊಂಡ್ರ ಒಂದೊಂದಕ್ಕ 1ಡಿ10 ಮತ್ತ 3, ಅದೇ ಎಸಿ 15ರ ಮ್ಯಾಲ ಸುಮಾರು 10 ಡ್ಯಾಮೇಜ್ ಬರ್ತದ. ನಂಬರ್ ಕೆಟ್ಟದ್ದಲ್ಲ. ಆದ್ರ ನಿಮ್ಮ ಪಾರ್ಟ್ಯಾಗ ಮುಂದ ನಿಲ್ಲಾವ ನೀನೊಬ್ಬನ. ವೈರಿ ಐದು ಫೂಟಿನ್ಯಾಗ ಇದ್ದಾಗ ರೇಂಜ್ಡ್ ಅಟ್ಯಾಕ್‌ಗೆ ಡಿಸ್‌ಅಡ್ವಾಂಟೇಜ್, ಅಂದ್ರ ಡೈಸ್ ಎರಡು ಸಲ ಹಾಕಿ ಸಣ್ಣದು ಹಿಡಿಬೇಕು. ಅದರ ಮ್ಯಾಲ ಎಲ್ಡ್ರಿಚ್ ಬ್ಲಾಸ್ಟ್‌ಗೆ ಒಂದು ಕೈ ಖಾಲಿ ಬೇಕು, ನಿನ್ನ ಒಂದು ಕೈಯಾಗ ಕತ್ತಿ, ಇನ್ನೊಂದರಾಗ ಗುರಾಣಿ. ದೂರ ನಿಂತು ಹೊಡಿಯಾಕ ರೇಂಜರ್ ಅದಾನ, ವಿಝರ್ಡ್ ಅದಾನ. ನೀನೂ ಹಿಂದ ಸರದ್ರ ವೈರಿಗಳು ಸೀದಾ ವಿಝರ್ಡ್ ಮೈಮ್ಯಾಲ ಬೀಳ್ತಾವ.

ಪ್ಯಾಲಡಿನ್ 5ಕ್ಕ ನಿಲ್ಲಿಸದ 6ಕ್ಕ ಹೋಗು ಅನ್ನೋದು ಯಾಕ? ಆರಾ ಆಫ್ ಪ್ರೊಟೆಕ್ಷನ್. ನಿನ್ನ ಸುತ್ತ ಹತ್ತು ಫೂಟಿನ್ಯಾಗ ಇರೋ ಎಲ್ಲಾ ಗೆಳೆಯರ ಎಲ್ಲಾ ಸೇವಿಂಗ್ ಥ್ರೋಗೂ (ಕೆಡಕು ತಪ್ಪಿಸ್ಕೊಳ್ಳಾಕ ಹಾಕೋ ಡೈಸ್) ನಿನ್ನ ಕರಿಸ್ಮಾ ಮಾಡಿಫೈಯರ್ ಸೇರ್ತದ, ನಿಂದು +3. ನೀನು ಎಚ್ಚರ ಇದ್ರ ಸಾಕು, ಸ್ಲಾಟ್ (ಸ್ಪೆಲ್ ಹಾಕಾಕ ಎಣಿಸಿ ಸಿಗೋ ಶಕ್ತಿ) ಖರ್ಚಿಲ್ಲ, ಆಕ್ಷನ್ ಖರ್ಚಿಲ್ಲ, ದಿನಪೂರ್ತಿ. ಇಡೀ ಆಟದಾಗ ಇಷ್ಟು ದೊಡ್ಡ ಫೀಚರ್ ಇಷ್ಟು ಲಗೂ ಕೊಡೋ ಕ್ಲಾಸ್ ಭಾಳ ಇಲ್ಲ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಕ್ಲೆರಿಕ್ ಇಲ್ಲದ ಪಾರ್ಟಿಗಂತೂ ಇದು ಬೇಕೇ ಬೇಕು, ಯಾಕಂದ್ರ ವಿಷ, ಭಯ, ಪ್ಯಾರಲಿಸಿಸ್ ಬಂದ ಮ್ಯಾಲ ತಗಿಯಾವರು ನಿಮ್ಮಲ್ಲಿ ಕಮ್ಮಿ, ಬರದಂಗ ತಡಿಯೋದ ದಾರಿ. ನಿನ್ನ ಕಾನ್ಸಂಟ್ರೇಷನ್‌ಗೂ (ಹಾಕಿದ ಸ್ಪೆಲ್ ಬಿಡದ ಹಿಡಿಯೋದು) ಅದೇ ಆಸರ. ಪ್ಯಾಲಡಿನ್‌ಗೆ ಕಾನ್ ಸೇವ್ ಪ್ರೊಫಿಶಿಯನ್ಸಿ ಇಲ್ಲ, ಸೇವ್ ಪ್ರೊಫಿಶಿಯನ್ಸಿ ಸಿಗೋದು ಮೊದಲನೇ ಕ್ಲಾಸಿಂದ ಮಾತ್ರ, ಹಿಂಗಾಗಿ ಮುಂದ ಸಾರ್ಸರರ್ ತಗೊಂಡ್ರೂ ಅದು ಬರಂಗಿಲ್ಲ. ಆರಾ ಬಂದ್ರ ನಿನ್ನ ಕಾನ್ ಸೇವ್ +2ರಿಂದ +5 ಆಗ್ತದ, ಬ್ಲೆಸ್ (ಗೆಳೆಯರ ಡೈಸ್‌ಗೆ ಬಲ ಕೊಡೋ ಸ್ಪೆಲ್) ಹಾಕಿದ್ದು ಒಂದ ಹೊಡತಕ್ಕ ಉದುರಂಗಿಲ್ಲ.

ಇನ್ನೊಂದು ಕಾರಣ ಸ್ಲಾಟ್ ಲೆಕ್ಕದ್ದು. ಮಲ್ಟಿಕ್ಲಾಸ್‌ನ್ಯಾಗ ಸ್ಪೆಲ್ ಸ್ಲಾಟ್ ಕೂಡಿಸುವಾಗ ಸಾರ್ಸರರ್ ಲೆವೆಲ್ ಪೂರ್ತಿ, ಪ್ಯಾಲಡಿನ್ ಲೆವೆಲ್ ಅರ್ಧ, ಆ ಅರ್ಧನ ಕೆಳಗ ಇಳಿಸಿ ಹಿಡಿತಾರ. ಪ್ಯಾಲಡಿನ್ 5 ಅಂದ್ರ ಎರಡು, 6 ಅಂದ್ರ ಮೂರು. 5ಕ್ಕ ಬಿಟ್ರ ಅರ್ಧ ಲೆವೆಲ್ ಸುಮ್ನ ಹಾಳು. ಪ್ಯಾಲಡಿನ್ 6ರ ಜೋಡಿ ಸಾರ್ಸರರ್ 1 ಆದಾಗ ಕೂಡಿ 4, ಅದಕ್ಕ 1ನೇ ಲೆವೆಲ್ ಸ್ಲಾಟ್ 4, 2ನೇದು 3, ಇದು ಪ್ಯಾಲಡಿನ್ 7ಕ್ಕ ಸಿಗೋ ಸ್ಲಾಟೇ, ಅಂದ್ರ ದಾಟಿದ ಲೆವೆಲ್‌ನ್ಯಾಗೂ ನಿಂಗ ಲುಕ್ಸಾನಿಲ್ಲ. ಸಾರ್ಸರರ್ 2ಕ್ಕ 3ನೇ ಲೆವೆಲ್ ಸ್ಲಾಟ್ 2 ಸೇರ್ತಾವ, ಸೀದಾ ಪ್ಯಾಲಡಿನ್‌ಗೆ ಅವು 9ಕ್ಕ ಬರ್ತಾವ, ನಿಂಗ 8ಕ್ಕ ಬಂದ್ವು. ಸಾರ್ಸರರ್ 4ಕ್ಕ, ನಿನ್ನ ಒಟ್ಟು 10ಕ್ಕ, 4, 3, 3 ಮತ್ತ 4ನೇ ಲೆವೆಲ್ ಸ್ಲಾಟ್ ಒಂದು. ಆ ಒಂದು ಸ್ಲಾಟಿನ್ಯಾಗ ಹಾಕೋ ಸ್ಮೈಟ್ 5ಡಿ8, ಅದ ಮ್ಯಾಲಿನ ಮಿತಿ, ಇನ್ನೂ ದೊಡ್ಡ ಸ್ಲಾಟ್ ಇದ್ರೂ ಅದಕ್ಕಿಂತ ಹೆಚ್ಚಿಲ್ಲ, ವೈರಿ ಅನ್‌ಡೆಡ್ ಅಥವಾ ಫೀಂಡ್ (ಪಿಶಾಚಿ ಜಾತಿ) ಆದ್ರ ಮಾತ್ರ ಇನ್ನೊಂದು ಡೈಸ್. ಒಂದು ಮಾತು ನೆನಪಿಟ್ಕೋ, ಸ್ಲಾಟ್ ಕೂಡಿ ಬೆಳದ್ರೂ ನೀನು ಕಲಿಯೋ ಸ್ಪೆಲ್ ಆಯಾ ಕ್ಲಾಸಿನ ಲೆವೆಲ್ ಪ್ರಕಾರನ, ಹಿಂಗಾಗಿ 10ಕ್ಕೂ ನಿಂಗ ಬರೋದು 2ನೇ ಲೆವೆಲ್ ತನಕದ ಸ್ಪೆಲ್. ದೊಡ್ಡ ಸ್ಲಾಟ್ ಇರೋದು ಸ್ಮೈಟ್‌ಗೆ ಮತ್ತ ಸಣ್ಣ ಸ್ಪೆಲ್‌ನ ಏರಿಸಿ ಹಾಕಾಕ.

ನಾಲ್ಕೂ ಲೆವೆಲ್ ಸಾರ್ಸರರ್‌ಗೆ ಅನ್ನೋದು ಆ 4ನೇ ಲೆವೆಲ್‌ನ ಸ್ಕೋರ್ ಇಂಪ್ರೂವ್‌ಮೆಂಟ್ ಸಲುವಾಗಿ. ಸೀದಾ ಪ್ಯಾಲಡಿನ್‌ಗೆ 4 ಮತ್ತ 8ಕ್ಕ ಎರಡು ಸಿಗ್ತಾವ. ಪ್ಯಾಲಡಿನ್ 6, ಸಾರ್ಸರರ್ 4ಕ್ಕೂ ಎರಡ, ಎರಡನೇದು 10ಕ್ಕ ಬರ್ತದ ಅಷ್ಟ. ಅದೇ ಪ್ಯಾಲಡಿನ್ 6, ವಾರ್ಲಾಕ್ 2, ಫೈಟರ್ 2 ಆದ್ರ ಒಂದ. ಆಕ್ಷನ್ ಸರ್ಜ್ ಚಲೋನೇ, ಒಂದು ಟರ್ನ್‌ನ್ಯಾಗ ನಾಕು ಹೊಡತ, ಆದ್ರ ಶಾರ್ಟ್ ರೆಸ್ಟ್‌ಗೆ ಒಂದ ಸಲ, ಅದಕ್ಕ ಎರಡು ಪೂರ್ತಿ ಲೆವೆಲ್, ಆ ಎರಡರಾಗ ಸ್ಲಾಟ್ ಒಂದೂ ಬೆಳಿಯಂಗಿಲ್ಲ. 20 ಲೆವೆಲ್ ಇದ್ದಾವರು ಕೊಡ್ಲಿ, ನಿನ್ನ ಹತ್ರ ಅಷ್ಟಿಲ್ಲ.

ಸಾರ್ಸರರ್‌ನ್ಯಾಗ ಯಾವ ಬಗಿ? ನಿಮ್ಮ ಪಾರ್ಟಿಗೆ ಡಿವೈನ್ ಸೋಲ್. ಇದು 2017ರಲ್ಲಿ ಬಂದ ಸಪ್ಲಿಮೆಂಟ್‌ನ್ಯಾಗಿನದು, ಡಿಎಂನ ಕೇಳಬೇಕು. ಕ್ಲೆರಿಕ್ ಸ್ಪೆಲ್ ಪಟ್ಟಿ ನಿಂಗ ತೆರಿತದ, ಅದರಾಗ ಹೀಲಿಂಗ್ ವರ್ಡ್ ಅದ, ಪ್ಯಾಲಡಿನ್ ಪಟ್ಟ್ಯಾಗ ಅದು ಇಲ್ಲ. ಹೀಲಿಂಗ್ ವರ್ಡ್ ಬೋನಸ್ ಆಕ್ಷನ್ (ಟರ್ನ್‌ನ್ಯಾಗ ಮುಖ್ಯ ಆಕ್ಷನ್ ಬಿಟ್ಟು ಮಾಡೋ ಸಣ್ಣ ಕೆಲಸ), 60 ಫೂಟ್ ದೂರದಿಂದ, ಮತ್ತ ಬರೇ ಬಾಯಿಮಾತಿನ ಸ್ಪೆಲ್, ಕೈ ಖಾಲಿ ಬೇಕಿಲ್ಲ. ರೋಗ್ ಬಿದ್ದ ಅಂದ್ರ ನೀನು ನಿಂತಲ್ಲಿಂದ ಎಬ್ಬಿಸಿ ಅದೇ ಟರ್ನ್‌ನ್ಯಾಗ ಎರಡು ಹೊಡತ ಹೊಡಿಬಹುದು, ಬೇಕಂದ್ರ ಅದರ ಮ್ಯಾಲ ಸ್ಮೈಟ್ ಕೂಡ, ಯಾಕಂದ್ರ 2014ರ ರೂಲ್ಸ್‌ನ್ಯಾಗ ಡಿವೈನ್ ಸ್ಮೈಟ್ ಸ್ಪೆಲ್ ಅಲ್ಲ. ಈಗ ಯಾರರ ಬಿದ್ರ ನೀನು ವೈರಿನ ಬಿಟ್ಟು ಓಡಿಹೋಗಿ ಲೇ ಆನ್ ಹ್ಯಾಂಡ್ಸ್ (ಮುಟ್ಟಿ ವಾಸಿ ಮಾಡೋ ಪ್ಯಾಲಡಿನ್ ಶಕ್ತಿ) ಹಾಕಬೇಕು, ಅದಕ್ಕ ಇಡೀ ಆಕ್ಷನ್ ಹೋಗ್ತದ.

ಈ ಕೈ ಖಾಲಿ ಇರೋ ವಿಷಯ ಭಾಳ ಮಂದಿ ನೋಡಂಗಿಲ್ಲ, ನೀನು ಸ್ಪೆಲ್ ಆರಿಸುವಾಗ ನೋಡಲೇಬೇಕು. ಗುರಾಣಿ ಮ್ಯಾಲ ಹೋಲಿ ಸಿಂಬಲ್ ಕೆತ್ತಿಸಿದ್ರ ವಸ್ತು ಬೇಕಾದ ಪ್ಯಾಲಡಿನ್ ಸ್ಪೆಲ್‌ಗೆ ಆ ಕೈನ ಸಾಕು, ಬ್ಲೆಸ್ ಆ ಲೆಕ್ಕದಾಗ ಬರ್ತದ. ಆದ್ರ ವಸ್ತು ಬೇಕಿಲ್ಲದ, ಕೈಸನ್ನಿ ಮಾತ್ರ ಬೇಕಾದ ಸ್ಪೆಲ್‌ಗೆ ನಿಜವಾಗಿ ಖಾಲಿ ಕೈ ಬೇಕು. ಸಾರ್ಸರರ್ ಆದ್ರ ಶೀಲ್ಡ್ ಸ್ಪೆಲ್ ಸಿಗ್ತದ ಅಂತ ಎಲ್ಲರೂ ಹೇಳ್ತಾರ, ಎರಡೂ ಕೈ ತುಂಬಿದಾವನಿಗೆ ವಾರ್ ಕಾಸ್ಟರ್ ಫೀಟ್ (ಸ್ಕೋರ್ ಇಂಪ್ರೂವ್‌ಮೆಂಟ್ ಬದಲಿ ತಗೊಳ್ಳೋ ವಿಶೇಷ ಕಲೆ) ಇಲ್ಲದ ಅದು ನಡಿಯಂಗಿಲ್ಲ. ಕೆಲವು ಡಿಎಂ ಇದನ್ನ ಕಟ್ಟುನಿಟ್ಟಾಗಿ ನೋಡಂಗಿಲ್ಲ, ನಿಮ್ಮಾವ ನೋಡ್ತಾನ ಅಂದ್ರ ಬಾಯಿಮಾತಿನ ಸ್ಪೆಲ್ ಆರಿಸ್ಕೋ. ಹೀಲಿಂಗ್ ವರ್ಡ್ ಹಂಗ, ಕಮಾಂಡ್ ಹಂಗ, ನಿನ್ನ ಓತ್‌ನಿಂದ ಪ್ಯಾಲಡಿನ್ 5ಕ್ಕ ಬರೋ ಮಿಸ್ಟಿ ಸ್ಟೆಪ್ (ಥಟ್ಟನ ಜಾಗ ಬದಲಿಸೋ ಸ್ಪೆಲ್) ಹಂಗ. 10ಕ್ಕ ಸಿಗೋ ಎರಡನೇ ಇಂಪ್ರೂವ್‌ಮೆಂಟ್‌ನ್ಯಾಗ ವಾರ್ ಕಾಸ್ಟರ್ ತಗೋಬಹುದು.

ನಿಂಗ ಹೆಕ್ಸ್ ಮ್ಯಾಲ ಆಸಿ ಅದ ಅಂತ ಕಾಣ್ತದ. ಆದ್ರ ಟರ್ನ್‌ಗೆ ಬೋನಸ್ ಆಕ್ಷನ್ ಒಂದ. ನಿನ್ನ ಓತ್‌ನಿಂದ ಬಂದ ವೌ ಆಫ್ ಎನ್ಮಿಟಿ ಬೋನಸ್ ಆಕ್ಷನ್, ಹೆಕ್ಸ್ ಬೋನಸ್ ಆಕ್ಷನ್, ಮಿಸ್ಟಿ ಸ್ಟೆಪ್ ಬೋನಸ್ ಆಕ್ಷನ್, ಕ್ವಿಕನ್ಡ್ ಸ್ಪೆಲ್ (ಸ್ಪೆಲ್‌ನ ಬೋನಸ್ ಆಕ್ಷನ್‌ನ್ಯಾಗ ಹಾಕೋ ಮೆಟಾಮ್ಯಾಜಿಕ್) ಕೂಡ. ಕಾನ್ಸಂಟ್ರೇಷನ್ನೂ ಒಂದ, ಹೆಕ್ಸ್ ಹಿಡದ್ರ ಬ್ಲೆಸ್ ಬಿಡಬೇಕು. ಶೀಟ್ ಮ್ಯಾಲ ಹತ್ತು ಶಕ್ತಿ ಬರದಿದ್ರೂ ಒಂದು ಬಾಗಲದಾಗ ಒಬ್ಬೊಬ್ಬರ ಹಾಯಬೇಕಾದಂಗ ಅವು ಸಾಲಿನ್ಯಾಗ ನಿಲ್ತಾವ, ಮತ್ತ ನಿಮ್ಮ ಟೇಬಲ್‌ನ್ಯಾಗ ಒಂದು ಜಗಳ ಮೂರ್ನಾಕು ರೌಂಡಿಗೆ ಮುಗಿತಿದ್ರ ಹಿಂದಿನವಕ್ಕ ಪಾಳಿನೇ ಬರಂಗಿಲ್ಲ. ಹೊಸ ಕ್ಲಾಸ್ ತಗೊಳ್ಳುವಾಗ ಖಾಲಿ ಇರೋ ಜಾಗ ತುಂಬೋದನ್ನ ತಗೋಬೇಕು. ನಿನ್ನ ಹತ್ರ ಈಗ ಖಾಲಿ ಇರೋದು ಸ್ಲಾಟ್, ದೂರದ ಹೀಲಿಂಗ್.

ಹಂಗಂತ ಮಜಾ ಇಲ್ಲದ ಬಿಲ್ಡ್ ಅಲ್ಲ ಇದು. 9ಕ್ಕ ಸಾರ್ಸರರ್ 3 ಆದಾಗ ಮೆಟಾಮ್ಯಾಜಿಕ್ ಬರ್ತದ, ಕ್ವಿಕನ್ಡ್ ತಗೋ. ಹೋಲ್ಡ್ ಪರ್ಸನ್ ನಿನ್ನ ಓತ್‌ನ್ಯಾಗ ಪ್ಯಾಲಡಿನ್ 5ಕ್ಕ ಬಂದಿರ್ತದ, ಅದನ್ನ ಎರಡು ಸಾರ್ಸರಿ ಪಾಯಿಂಟ್ ಕೊಟ್ಟು ಬೋನಸ್ ಆಕ್ಷನ್‌ನ್ಯಾಗ ಹಾಕು, ವೈರಿ ಮನುಷ್ಯಜಾತಿಯವ ಆಗಿದ್ದು ವಿಸ್ಡಮ್ ಸೇವ್ ತಪ್ಪಿದ್ರ ಪ್ಯಾರಲೈಸ್. ಐದು ಫೂಟಿನ್ಯಾಗ ನಿಂತು ಹೊಡದ್ರ ಅಡ್ವಾಂಟೇಜ್, ತಾಗಿದ ಪ್ರತಿ ಹೊಡತ ಕ್ರಿಟ್. ಕತ್ತಿ 2ಡಿ8 ಮತ್ತ 6, 2ನೇ ಲೆವೆಲ್ ಸ್ಲಾಟ್‌ನ ಸ್ಮೈಟ್ 3ಡಿ8 ಹೋಗಿ 6ಡಿ8, ಒಂದು ಹೊಡತಕ್ಕ ಸರಾಸರಿ 42, ಎರಡಕ್ಕ 84. ಇದು ದಿನಾ ಮಾಡೋ ಕೆಲಸ ಅಲ್ಲ, ಸ್ಲಾಟ್ ಭಾಳ ತಿಂತದ, ವೈರಿ ಸೇವ್ ಮಾಡಿದ್ರ ಪಾಯಿಂಟ್ ಹೋದಂಗ. ಆದ್ರ ಇಡೀ ಕಥಿಗುಂಟ ನೀನು ಯಾರ ಮ್ಯಾಲ ಪ್ರತಿಜ್ಞೆ ಮಾಡಿಯೋ ಅವ ಎದುರಿಗೆ ಬಂದ ದಿನಕ್ಕ ಇದು ಇರಬೇಕು, ಟೇಬಲ್‌ನ್ಯಾಗ ಎಲ್ಲರೂ ಎದ್ದು ನಿಂತು ಡೈಸ್ ನೋಡ್ತಾರ.

ಸೀದಾ ಪ್ಯಾಲಡಿನ್ 10 ಆದ್ರ ಏನು ಸಿಗ್ತಿತ್ತು ಅಂತನೂ ತಿಳ್ಕೊಂಡ ಆರಿಸು. 7ಕ್ಕ ಓತ್ ಫೀಚರ್, 9ಕ್ಕ ಹೇಸ್ಟ್, 10ಕ್ಕ ಆರಾ ಆಫ್ ಕರೇಜ್, ಲೇ ಆನ್ ಹ್ಯಾಂಡ್ಸ್ 30ರ ಬದಲಿ 50. ಹಿಟ್ ಪಾಯಿಂಟ್ ಸರಾಸರಿ ಹಿಡದ್ರ 84, ಸಾರ್ಸರರ್ ಹಾದ್ಯಾಗ 76. ಸೀದಾ ಹೋಗೋದೂ ಒಳ್ಳೆ ಕ್ಯಾರೆಕ್ಟರ್, ಮಲ್ಟಿಕ್ಲಾಸ್ ಮಾಡಲಿಲ್ಲಂದ್ರ ಹಿಂದ ಬಿದ್ದಂಗ ಅಂತ ಯಾರರ ಅಂದ್ರ ನಂಬಬ್ಯಾಡ.

ವಾರ್ಲಾಕ್ ಹಾದಿ ಯಾವಾಗ ಗೆಲ್ತದ ಅಂದ್ರ, ಡಿಎಂ ಒಂದು ದಿನಕ್ಕ ಎರಡು ಶಾರ್ಟ್ ರೆಸ್ಟ್ ಕೊಡೋನಾಗಿದ್ರ. ವಾರ್ಲಾಕ್ 2ರ ಎರಡು ಪ್ಯಾಕ್ಟ್ ಸ್ಲಾಟ್ ಬ್ಯಾರೆ ಲೆಕ್ಕ, ಒಂದು ತಾಸಿನ ರೆಸ್ಟ್‌ಗೆ ತಿರುಗಿ ತುಂಬ್ತಾವ, ಸ್ಮೈಟ್‌ಗೂ ನಡಿತಾವ. ಪ್ಯಾಲಡಿನ್ 6ರ ಆರು ಸ್ಲಾಟ್, ಅದಕ್ಕ ಪ್ಯಾಕ್ಟಿನ ಎರಡು ಮೂರು ಸಲ, ದಿನಕ್ಕ 12 ಸ್ಮೈಟ್. ಆದ್ರ ಒಂದು ಭಾನುವಾರ ಒಂದ ದೊಡ್ಡ ಜಗಳ, ಆಮ್ಯಾಲ ರಾತ್ರಿ ನಿದ್ದಿ, ಹಿಂಗ ನಡಿಯೋ ಟೇಬಲ್ ಆದ್ರ ಆ ಲಾಭ ಪೂರ್ತಿ ಹೋಗ್ತದ, ಆಗ ಸಾರ್ಸರರ್‌ನ ಸರಿ. ಸೇರಿಸಿದ್ರ ಅಲ್ಲೂ 2ಕ್ಕ ಬಿಡದ 4 ತನಕ ಹೋಗು.

ರೂಲ್ ಮಾತು ಸ್ವಲ್ಪ. 2014ರ ರೂಲ್ಸ್‌ನ್ಯಾಗ ಮಲ್ಟಿಕ್ಲಾಸ್ ಮತ್ತ ಫೀಟ್ ಎರಡೂ ಡಿಎಂ ಒಪ್ಪಿದ್ರ ಮಾತ್ರ, ಮೊದಲ ಕೇಳ್ಕೋ. ಹೊಸ ಕ್ಲಾಸಿನದೂ ಈಗಿರೋ ಕ್ಲಾಸಿನದೂ ಮುಖ್ಯ ಸ್ಕೋರ್ 13 ಇರಬೇಕು, ಪ್ಯಾಲಡಿನ್‌ಗೆ ಸ್ಟ್ರೆಂತ್ ಮತ್ತ ಕರಿಸ್ಮಾ, ಸಾರ್ಸರರ್ ವಾರ್ಲಾಕ್ ಎರಡಕ್ಕೂ ಕರಿಸ್ಮಾ, ನಿನ್ನಲ್ಲಿ ಎಲ್ಲಾ ಅದಾವ. ಮೊದಲ ಪ್ಯಾಲಡಿನ್ ಆಗಿದ್ದು ಒಳ್ಳೇದಾತು, ಬ್ಯಾರೆ ಕ್ಲಾಸಿಂದ ಪ್ಯಾಲಡಿನ್‌ಗೆ ಬಂದಾವರಿಗೆ ಹೆವಿ ಆರ್ಮರ್ ಸಿಗಂಗಿಲ್ಲ. ನಡುವ ನಿಮ್ಮ ಟೇಬಲ್ 2024ರ ರೂಲ್ಸ್‌ಗೆ ಹೊಳ್ಳಿದ್ರ ಈ ಲೆಕ್ಕ ಮತ್ತ ಮಾಡಬೇಕಾಗ್ತದ, ಅಲ್ಲಿ ಡಿವೈನ್ ಸ್ಮೈಟ್ ಸ್ಪೆಲ್ ಆಗ್ಯದ, ಬೋನಸ್ ಆಕ್ಷನ್ ತಿಂತದ, ಹಂಗಾಗಿ ಸ್ಲಾಟ್ ಕೂಡಿಸಿಟ್ಟು ಒಂದ ಟರ್ನ್‌ನ್ಯಾಗ ಸುರಿಯೋ ಆಟ ಅಲ್ಲಿ ನಡಿಯಂಗಿಲ್ಲ.

ಇನ್ನ ಕಥಿ. ಸಾರ್ಸರರ್ ಶಕ್ತಿ ಓದಿ ಬರಂಗಿಲ್ಲ, ಒಪ್ಪಂದದಿಂದ ಬರಂಗಿಲ್ಲ, ರಕ್ತದಾಗ ಇದ್ದದ್ದು ಹೊರಗ ಬೀಳ್ತದ. 6 ಮುಗಿದು 7ಕ್ಕ ಏಕಾಏಕಿ ಬಂತು ಅಂದ್ರ ಟೇಬಲ್‌ಗೆ ಹುಸಿ ಅನಸ್ತದ, ಅದಕ್ಕ ಈಗಿಂದ ಬೀಜ ಹಾಕು. ನಮ್ಮ ಸೀಮ್ಯಾಗ ಅದಕ್ಕ ಬರ ಇಲ್ಲ. ಕೃಷ್ಣಾ ತುಂಗಭದ್ರಾ ಎರಡು ಹೊಳಿ ನಡುವಿನ ಈ ದೋಆಬ್ ಸಲುವಾಗಿ ನೂರಾರು ವರ್ಷ ಹೊಡದಾಡ್ಯಾರ, 1520ರಲ್ಲಿ ಕೃಷ್ಣದೇವರಾಯ ಮತ್ತ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯ ರಾಯಚೂರು ಕೋಟಿಗೋಸ್ಕರ ಎದುರುಬದರು ನಿಂತಿದ್ವು. ಡಿಎಂ ಒಪ್ಪಿದ್ರ ನಿನ್ನ ಪ್ಯಾಲಡಿನ್ ಮುದಗಲ್ ಕೋಟಿ ಕಾವಲುಗಾರನ ಮಗ ಆಗಿರಲಿ, ಕೋಟಿ ಬಿದ್ದ ರಾತ್ರಿ ಪ್ರತಿಜ್ಞೆ ಮಾಡಿದಾವ. ಸಣ್ಣವ ಇದ್ದಾಗ ಆನೆಗೊಂದಿ ಕಡೆ ಹರಿಗೋಲು ಮುಳುಗಿ ಎಲ್ಲರೂ ಹೋಗಿ ಅವನೊಬ್ಬನ ಉಳಿದಿದ್ದ, ಯಾಕ ಉಳಿದ ಅಂತ ಅವನ ಅವ್ವ ಯಾವತ್ತೂ ಹೇಳಿಲ್ಲ. ಇಷ್ಟನ್ನ ಡಿಎಂ ಕೈಗೆ ಕೊಡು, 4ರಿಂದ 6ರ ನಡುವ ಅವ ಎಲ್ಲಿ ಬೇಕೋ ಅಲ್ಲಿ ಬಳಸ್ಕೋತಾನ. ಗಾಯ ಮುಟ್ಟಿದಾಗ ಅಂಗೈ ಬಿಸಿ ಆತು, ಬೈದ ಮಾತಿಗೆ ದೀಪ ಆರಿತು, ಇಂಥ ಸಣ್ಣವು ನೀನೂ ಆಡುವಾಗ ಹೇಳ್ತಿರು, ರೂಲ್ ಲಾಭ ಏನೂ ಬ್ಯಾಡ.

ಈ ವಾರ ಡಿಎಂನ ಮೂರು ಮಾತು ಕೇಳು. ಮಲ್ಟಿಕ್ಲಾಸ್‌ಗೆ, ಡಿವೈನ್ ಸೋಲ್‌ಗೆ ಒಪ್ಪಿಗಿ ಅದನಾ, ಒಂದು ದಿನಕ್ಕ ಶಾರ್ಟ್ ರೆಸ್ಟ್ ಎಷ್ಟು ಸಿಗ್ತಾವ, ಗುರಾಣಿ ಹಿಡದ ಕೈಲೆ ಸ್ಪೆಲ್ ಹಾಕೋದನ್ನ ಎಷ್ಟು ಬಿಗಿ ಹಿಡಿತಾನ. 4ನೇ ಲೆವೆಲ್ ಬಂದ ದಿನ ಸ್ಟ್ರೆಂತ್ 18 ಮಾಡು, ಕರಿಸ್ಮಾ ಅಲ್ಲ, ಯಾಕಂದ್ರ 5ಕ್ಕ ಎರಡು ಹೊಡತ ಬರ್ತಾವ, ಮೊದಲ ಅವು ತಾಗಬೇಕು. ವಿಝರ್ಡ್ ಆಡಾವರಿಗೂ ಈಗಲೇ ಹೇಳಿಡು, 6 ಆದ ಮ್ಯಾಲ ನಿನ್ನಿಂದ ಹತ್ತು ಫೂಟಿಗಿಂತ ದೂರ ನಿಲ್ಲಬಾರದು ಅಂತ.